ಅಮ್ಮನಿಗೆ ಆಲ್ಝೈಮರ್ ಇತ್ತು, ನನಗೂ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ನಮ್ಮಮ್ಮ ಎಂಟು ವರ್ಷ ಆಲ್ಝೈಮರ್ ಕಾಯಿಲೆಯಲ್ಲಿ ನರಳಿ ಹೋದರು. ಅಷ್ಟೂ ವರ್ಷ ನೋಡಿಕೊಂಡವಳು ನಾನು. ಆಮೇಲೆ ಕೋಲಾರದಲ್ಲಿ, ಮನೆಯಲ್ಲಿ ಇಂಥ ಹಿರಿಯರನ್ನು ನೋಡಿಕೊಳ್ಳುವ ಕೆಲವರು ತಿಂಗಳಿಗೊಮ್ಮೆ ಸೇರಿ ಮಾತಾಡೋದು ಶುರು ಮಾಡಿದೆವು. ಅಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮಮ್ಮನಿಗೆ ಇತ್ತು. ನನಗೂ ಬಂದೇ ಬರುತ್ತಾ?

ಇಲ್ಲ. ಬಂದೇ ಬರುತ್ತೆ ಅಂತ ಏನಿಲ್ಲ. ಅಮ್ಮನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಪಾತ್ರೆ ತೊಳೆಯುತ್ತಾ ಕೂತಿದ್ದಾಗ ನನ್ನ ತಂಗಿ ಮೊದಲು ಕೇಳಿದ್ದೂ ಇದನ್ನೇ. ಬೀಗದ ಕೈ ಎಲ್ಲಿಟ್ಟೆ ಅಂತ ಮರೆತಾಗಲೆಲ್ಲ ಅವಳು ಒಬ್ಬಳೇ ಕೂತು ಅಳುತ್ತಿದ್ದಳಂತೆ.

ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ನಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದು ನಿಜ. ಆದರೆ ಬಹುಪಾಲು ಮನೆಗಳಲ್ಲಿ ಮಕ್ಕಳಿಗೆ ಇಳಿದು ಬರುವುದು ಕಾಯಿಲೆ ಅಲ್ಲ, ಕಾಯಿಲೆಗೆ ಬೇಗ ಈಡಾಗುವ ಗುಣ.

ನಮ್ಮ ಕಡೆ ಮಾವಿನ ತೋಟ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆಲವು ತಳಿಗೆ ಬೂದಿ ರೋಗ ಬೇಗ ತಗಲುತ್ತದೆ. ಹಾಗಂತ ಆ ತಳಿಯ ಮರಕ್ಕೆ ಪ್ರತಿವರ್ಷ ಬರುತ್ತಾ? ಹೂ ಬಿಡುವ ಹೊತ್ತಿಗೆ ಮಂಜು ಬೀಳಬೇಕು, ತೋಟದಲ್ಲಿ ಗಾಳಿ ಆಡದೆ ಇರಬೇಕು, ಯಜಮಾನ ಕೊಂಬೆ ಸವರದೆ ಬಿಟ್ಟಿರಬೇಕು. ಇವೆಲ್ಲ ಕೂಡಿದಾಗ ಬರುತ್ತದೆ. ತಳಿ ನಮ್ಮ ಕೈಲಿಲ್ಲ. ಉಳಿದದ್ದರಲ್ಲಿ ಎಷ್ಟೋ ನಮ್ಮ ಕೈಲಿದೆ.

ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅದೇನಾ ಇದು?

ಅಲ್ಲ. ಆ ಗಾದೆಯಿಂದ ನಮ್ಮ ಮನೆಯಲ್ಲೇ ಎರಡು ವರ್ಷ ಹಾಳಾಯಿತು.

ನಮ್ಮಮ್ಮ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುತ್ತಿದ್ದರು. ಬಾದಾಮಿ, ಬೇನಿಶಾ, ತೋತಾಪುರಿ, ಮಲ್ಲಿಕಾ, ಯಾವುದಾದರೂ ಸರಿ, ನೋಡದೇ ಕೈಯಲ್ಲಿ ಹಿಡಿದು ಹೇಳುತ್ತಿದ್ದರು. ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ, ಇದು ನಾಳಿದ್ದಿಗೆ ಹಣ್ಣು, ಇದು ನಾಲ್ಕು ದಿನಕ್ಕೆ ಅಂತ ಬೇರೆ ಬೇರೆ ರಾಶಿಗೆ ಎಸೆಯುತ್ತಿದ್ದರು. ಒಂದು ಜೂನ್ ತಿಂಗಳಲ್ಲಿ ಅವರು ಒಂದು ತೋತಾಪುರಿ ಹಿಡಿದು ಎರಡೂ ಕಡೆ ತಿರುಗಿಸುತ್ತಾ ಸುಮ್ನೆ ಕೂತಿದ್ದರು. ಆ ಕಿಳಿಮೂತಿಯ ಕಾಯಿ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಯಾವ ರಾಶಿಗೆ ಹಾಕಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಆವಾಗ ಅವರಿಗೆ ಅರವತ್ತಾರು. ತೋರಿಸಿದ ಒಂದು ಕಡೆ "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅಂದು ಟಾನಿಕ್ ಬರೆದುಕೊಟ್ಟರು. ನಾವೂ ನಂಬಿಬಿಟ್ಟೆವು.

ವಯಸ್ಸಾದಾಗ ಹೆಸರು ತಟ್ಟನೆ ನೆನಪಾಗುವುದಿಲ್ಲ, ಆಮೇಲೆ ನೆನಪಾಗುತ್ತದೆ. ಅದು ಸಹಜ. ಜೀವಮಾನವೆಲ್ಲ ಮಾಡಿದ ಕೆಲಸದ ದಾರಿಯೇ ತಪ್ಪುವುದು ಸಹಜ ಅಲ್ಲ. ಹೀಗೆ ದಿನದ ಬದುಕಿಗೆ ಅಡ್ಡ ಬರುವಷ್ಟು ಬುದ್ಧಿಶಕ್ತಿ ಕುಂದುವುದಕ್ಕೆ ಡಿಮೆನ್ಶಿಯಾ ಅಂತ ಹೆಸರು. ಅದಕ್ಕೆ ಕಾರಣಗಳು ಹಲವು, ಎಲ್ಲಕ್ಕಿಂತ ದೊಡ್ಡದು ಆಲ್ಝೈಮರ್. 1906ರಲ್ಲಿ ಜರ್ಮನಿಯ ಡಾ. ಅಲೋಯಿಸ್ ಆಲ್ಝೈಮರ್ ತಮ್ಮ ರೋಗಿ ಅಗಸ್ಟೆ ಡೆಟರ್ ತೀರಿಕೊಂಡ ಮೇಲೆ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಮಧ್ಯೆ ಗಡ್ಡೆ ಗಡ್ಡೆ ಕಸ, ಕೋಶಗಳ ಒಳಗೆ ಸಿಕ್ಕು ಸಿಕ್ಕಾದ ಎಳೆಗಳು ಕಂಡವು. ಕಸಕ್ಕೆ ಈಗ ಅಮಿಲಾಯ್ಡ್ ಅಂತಾರೆ, ಎಳೆಗಳಿಗೆ ಟಾವ್ ಅಂತಾರೆ. ಅಮಿಲಾಯ್ಡ್ ಸೇರಲು ಶುರುವಾಗುವುದು ಮರೆವು ಕಾಣುವುದಕ್ಕೆ 15-20 ವರ್ಷ ಮೊದಲೇ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೀನ್ ಜೀನ್ ಅಂತಾರಲ್ಲ, ಯಾವ ಜೀನ್ ಅದು?

ಜೀನ್ ಅಂದರೆ ಅಪ್ಪ-ಅಮ್ಮನಿಂದ ಬರುವ, ದೇಹ ಏನೇನು ತಯಾರಿಸಬೇಕು ಅಂತ ತಿಳಿಸುವ ಬರಹ. ಆಲ್ಝೈಮರ್‌ಗೆ ಸಂಬಂಧಪಟ್ಟವು ಒಂದಲ್ಲ, ಹತ್ತಾರು ಇವೆ. ಒಂದೊಂದರ ಪಾಲೂ ಚಿಕ್ಕದು. ಅದರಲ್ಲಿ ದೊಡ್ಡ ಪಾಲು ಇರುವುದು ಅಪೊ-ಇ ಎಂಬ ಜೀನಿಗೆ. ಅದು 19ನೇ ಕ್ರೋಮೋಸೋಮಿನಲ್ಲಿದೆ (ಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗೆ ಕ್ರೋಮೋಸೋಮ್ ಅಂತಾರೆ). ಇದಕ್ಕೂ ಆಲ್ಝೈಮರ್‌ಗೂ ನಂಟಿದೆ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು.

ಎಲ್ಲರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಮೂರು ಬಗೆ: ಇ2, ಇ3, ಇ4. ಹೆಚ್ಚಿನವರಲ್ಲಿ ಎರಡೂ ಇ3. ಒಂದು ಇ4 ಇದ್ದರೆ ಆಲ್ಝೈಮರ್ ಸಾಧ್ಯತೆ ಸುಮಾರು ಮೂರು ಪಟ್ಟು. ಎರಡೂ ಇ4 ಆದರೆ 8ರಿಂದ 12 ಪಟ್ಟು. ಇ2 ಇದ್ದವರಿಗೆ ಉಲ್ಟಾ, ಸಾಧ್ಯತೆ ಕಡಿಮೆ. ಈ ಲೆಕ್ಕ ಮುಖ್ಯವಾಗಿ ಯೂರೋಪ್ ಮೂಲದ ಜನರನ್ನು ನೋಡಿ ಹಾಕಿದ್ದು.

ಈ ಜೀನ್ ಮಾಡುವ ಕೆಲಸ ಕೊಬ್ಬು ಸಾಗಿಸುವುದು. ಮೆದುಳಿನಲ್ಲಿ ಕೊಲೆಸ್ಟರಾಲ್ ಅನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಪ್ರೋಟೀನ್ ತಯಾರಾಗುವುದು ಇದರಿಂದ. ಅಮಿಲಾಯ್ಡ್ ಕಸ ಹೊರಗೆ ಹೋಗುವುದರಲ್ಲೂ ಅದಕ್ಕೆ ಕೈವಾಡವಿದೆ. ಇ4 ಬಗೆಯ ಪ್ರೋಟೀನ್ ಈ ಕೆಲಸದಲ್ಲಿ ನಿಧಾನ. ಮೆದುಳಿನ ರಕ್ತನಾಳದ ಗೋಡೆಯೂ ಸ್ವಲ್ಪ ಬೇಗ ಸಡಿಲಾಗುತ್ತದೆ. ಹೀಗಿದ್ದರೂ ಇ4 ಇಟ್ಟುಕೊಂಡು ತೊಂಬತ್ತು ದಾಟಿ ಚುರುಕಾಗಿರುವವರು ಇದ್ದಾರೆ. ಇ4 ಇಲ್ಲದೆಯೂ ಕಾಯಿಲೆ ಬಂದವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಬಂದೇ ಬರುವ ವಂಶದ ಆಲ್ಝೈಮರ್ ಇಲ್ಲವೇ ಇಲ್ಲವಾ?

ಇದೆ, ತುಂಬಾ ಅಪರೂಪ. ನೂರು ಜನ ರೋಗಿಗಳಲ್ಲಿ ಒಬ್ಬರಿಗಿಂತ ಕಡಿಮೆ. ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಎಂಬ ಮೂರು ಜೀನುಗಳಲ್ಲಿ ಯಾವುದಾದರೂ ಒಂದು ಕೆಟ್ಟಿದ್ದರೆ ಹೀಗಾಗುತ್ತದೆ. ಮೂವತ್ತು, ನಲವತ್ತು, ಐವತ್ತರಲ್ಲೇ ಶುರುವಾಗುತ್ತದೆ. ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಎರಡರಲ್ಲಿ ಒಂದು. ನಿಮ್ಮ ಮನೆಯಲ್ಲಿ ಎರಡು-ಮೂರು ತಲೆಮಾರಿನಲ್ಲಿ ಐವತ್ತರ ಆಸುಪಾಸಿನಲ್ಲೇ ಮರೆವು ಶುರುವಾಗಿದ್ದರೆ ನರರೋಗ ತಜ್ಞರಿಗೆ ಅದನ್ನು ಬಿಡಿಸಿ ಹೇಳಿ. ಎಪ್ಪತ್ತೈದಕ್ಕೆ ಅಜ್ಜಿಗೆ ಬಂತು ಅನ್ನುವುದು ಸಾಮಾನ್ಯವಾಗಿ ಈ ಗುಂಪಿಗೆ ಸೇರುವುದಿಲ್ಲ.

ಡೌನ್ ಸಿಂಡ್ರೋಮ್ ಇರುವವರ ವಿಷಯವೂ ಇಲ್ಲೇ ಹೇಳಬೇಕು. ಎಪಿಪಿ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ, ಅವರಲ್ಲಿ ಅದು ಒಂದು ಹೆಚ್ಚಿಗೆ ಇರುತ್ತದೆ. ಹಾಗಾಗಿ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಬರುವುದು ಜಾಸ್ತಿ.

ಈ ಅಪರೂಪದ ಗುಂಪಿನಲ್ಲೂ ಒಂದು ಆಶ್ಚರ್ಯ ಇದೆ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಒಂದು ದೊಡ್ಡ ವಂಶಕ್ಕೆ ಪ್ರೆಸೆನಿಲಿನ್-1ರ ದೋಷ ಇದೆ. ಅವರಿಗೆ ನಲವತ್ತೈದರ ಆಸುಪಾಸಿನಲ್ಲೇ ಮರೆವು ಶುರು. ಅದೇ ವಂಶದ ಅಲಿರಿಯಾ ರೋಸಾ ಪಿಯೆದ್ರಾಹಿತಾ ಎಂಬ ಹೆಂಗಸಿಗೆ ಮಾತ್ರ ಎಪ್ಪತ್ತು ದಾಟುವವರೆಗೂ ಬರಲಿಲ್ಲ. 2019ರಲ್ಲಿ ಅದನ್ನು ಪ್ರಕಟಿಸಿದರು. ಆಕೆಯ ಮೆದುಳಿನ ತುಂಬ ಅಮಿಲಾಯ್ಡ್ ಇತ್ತು, ಟಾವ್ ಮಾತ್ರ ಕಡಿಮೆ. ಆಕೆಯ ಅಪೊ-ಇ ಜೀನಿನ ಎರಡೂ ಪ್ರತಿಯಲ್ಲಿ ಇನ್ನೊಂದು ಅಪರೂಪದ ಬದಲಾವಣೆ ಇತ್ತು, ಅದು ತಡೆಯಾಗಿ ನಿಂತಿತ್ತು. ಒಂದು ಜೀನ್ ಹಾಳು ಮಾಡಿದ್ದನ್ನು ಇನ್ನೊಂದು ಜೀನ್ ಮೂವತ್ತು ವರ್ಷ ತಡೆದು ಹಿಡಿದಿತ್ತು.

ನಮ್ಮದು ಸೋದರಮಾವನ ಜೊತೆ ಆದ ಮದುವೆ. ಮಕ್ಕಳಿಗೆ ಅಪಾಯ ಜಾಸ್ತಿನಾ?

ನಮ್ಮ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಅಕ್ಕನ ಮಗಳು, ಅತ್ತೆ ಮಗ, ಮಾವನ ಮಗಳು, ಇವೆಲ್ಲ ನಮ್ಮಲ್ಲಿ ಹಳೇ ಸಂಬಂಧಗಳು.

ಇಂಥ ಮದುವೆಯಿಂದ ಹೊಸದಾಗಿ ಕೆಟ್ಟ ಜೀನ್ ಹುಟ್ಟುವುದಿಲ್ಲ. ಆದರೆ ಇಬ್ಬರ ಕಡೆಯೂ ಹಿರಿಯರು ಒಬ್ಬರೇ ಆದ್ದರಿಂದ ಒಂದೇ ಪ್ರತಿ ಎರಡೂ ದಾರಿಯಿಂದ ಮಗುವಿಗೆ ಬಂದು ಸೇರಬಹುದು. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಹಾಗಾಗುವ ಸಾಧ್ಯತೆ, ಒಂದೊಂದು ಜೀನಿಗೆ, 8ರಲ್ಲಿ 1. ಅತ್ತೆ ಮಗ - ಮಾವನ ಮಗಳ ಮದುವೆಯಲ್ಲಿ 16ರಲ್ಲಿ 1. ಮನೆತನದಲ್ಲಿ ಇ4 ಹರಿದಾಡುತ್ತಿದ್ದರೆ ಎರಡೂ ಇ4 ಆಗುವ ಸಾಧ್ಯತೆ ಅಷ್ಟರ ಮಟ್ಟಿಗೆ ಏರುತ್ತದೆ. ಇ4 ಇಲ್ಲದಿದ್ದರೆ ಅಪೊ-ಇ ವಿಷಯದಲ್ಲಿ ಏನೂ ಬದಲಾಗುವುದಿಲ್ಲ. ಮದುವೆಯಾಗಿ ಮೂವತ್ತು ವರ್ಷ ಆದಮೇಲೆ ಇದಕ್ಕೆ ಕೊರಗಬೇಡಿ. ಬಿಪಿ ಚೆಕ್ ಮಾಡಿಸಿ ಅಂತ ಮಕ್ಕಳಿಗೆ ಹೇಳಿ, ಅದು ಉಪಯೋಗಕ್ಕೆ ಬರುತ್ತದೆ.

ಜೀನ್ ಹುಟ್ಟಿನಿಂದಲೇ ಬಂದಿದ್ದು. ನಾವು ತಿನ್ನೋದು, ಓಡಾಡೋದು ಅದನ್ನು ಹೇಗೆ ಬದಲಾಯಿಸುತ್ತೆ?

ಜೀನಿನ ಬರಹ ಬದಲಾಗುವುದಿಲ್ಲ. ಅದರ ಪರಿಣಾಮ ಬದಲಾಗುತ್ತದೆ.

ನೈಜೀರಿಯಾದ ಇಬಾದಾನ್ ಊರಿನ ಯೊರುಬಾ ಜನರನ್ನೂ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿರುವ ಆಫ್ರಿಕನ್ ಮೂಲದವರನ್ನೂ ಒಂದೇ ರೀತಿ ಪರೀಕ್ಷಿಸಿ ವರ್ಷಗಟ್ಟಲೆ ಗಮನಿಸಿದರು. ಎರಡೂ ಕಡೆ ಇ4 ಸಾಮಾನ್ಯ. 2001ರಲ್ಲಿ ಬಂದ ಲೆಕ್ಕದಲ್ಲಿ, 65 ದಾಟಿದವರಲ್ಲಿ ವರ್ಷಕ್ಕೆ ಹೊಸದಾಗಿ ಆಲ್ಝೈಮರ್ ಬಂದವರು ಇಬಾದಾನ್‌ನಲ್ಲಿ ನೂರಕ್ಕೆ 1.15, ಇಂಡಿಯಾನಾಪೊಲಿಸ್‌ನಲ್ಲಿ 2.52. ಇಬಾದಾನ್‌ನಲ್ಲಿ ಇ4ಗೆ ಅಷ್ಟು ಜೋರೇ ಇರಲಿಲ್ಲ. ಅಲ್ಲಿಯವರಲ್ಲಿ ಬಿಪಿ, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ ಕಡಿಮೆ ಇದ್ದವು. ಮೂಲ ಒಂದೇ, ಬದುಕಿದ ರೀತಿ ಬೇರೆ.

ನಮ್ಮ ದೇಶದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲೂ ಇಂಥದ್ದೊಂದು ಅಧ್ಯಯನ ನಡೆದಿದೆ. ಅಲ್ಲಿ ಆಲ್ಝೈಮರ್ ಬಹಳ ಕಡಿಮೆ ಕಂಡಿತು. ಆದರೆ ಅಲ್ಲಿ ಇ4 ಪ್ರಮಾಣವೂ ಕಡಿಮೆ, ಅಪೊ-ಇ ಜೀನಿನ ನೂರು ಪ್ರತಿಗಳಲ್ಲಿ 7. ಹೋಲಿಸಿ ನೋಡಿದ ಅಮೆರಿಕದ ಊರುಗಳಲ್ಲಿ 11. ಹಾಗಾಗಿ ಎಲ್ಲವನ್ನೂ ಹಳ್ಳಿ ಊಟದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ.

ಇದು ಒಳಗೆ ನಡೆಯುವುದು ಹೀಗೆ. ಇ4 ಇದ್ದವರ ಮೆದುಳಿನಲ್ಲಿ ಕಸ ನಿಧಾನವಾಗಿ ಹೊರಗೆ ಹೋಗುತ್ತದೆ ಅಂದೆ, ಅಲ್ವಾ? ಬಿಪಿ ಏರಿ ರಕ್ತನಾಳ ಗಡುಸಾದರೆ ಆ ದಾರಿ ಇನ್ನೂ ಕಟ್ಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಚಿಕ್ಕ ಚಿಕ್ಕ ನಾಳಗಳನ್ನು ಹಾಳು ಮಾಡುತ್ತದೆ. ಮೊದಲೇ ಹೂಳು ತುಂಬಿದ ಕಾಲುವೆಗೆ ಮೇಲಿಂದ ಕಲ್ಲು ಹಾಕಿದ ಹಾಗೆ. ಇನ್ನೊಂದು ಕಡೆ ಓದು, ಮಾತುಕತೆ, ಹೊಸ ಕೆಲಸ ಕಲಿಯುವುದು, ಇವು ನರಕೋಶಗಳ ನಡುವೆ ಹೆಚ್ಚು ದಾರಿ ಕಟ್ಟಿಕೊಡುತ್ತವೆ. ಕಾಯಿಲೆ ಒಂದು ದಾರಿ ಮುಚ್ಚಿದರೆ ಮೆದುಳು ಇನ್ನೊಂದರಲ್ಲಿ ಹೋಗುತ್ತದೆ. ಮೆದುಳಿನಲ್ಲಿ ಕಸ ಅಷ್ಟೇ ಇದ್ದರೂ ಲಕ್ಷಣ ಕಾಣುವುದು ತಡವಾಗುತ್ತದೆ.

ಇ4 ಇದ್ದವರು ಏನು ಮಾಡಿದರೂ ದಂಡ ಅಂತ ಕೇಳಿದ್ದೆ?

ಎರಡೂ ಬಗೆಯ ಉತ್ತರ ಬಂದಿವೆ, ಎರಡನ್ನೂ ಹೇಳುತ್ತೇನೆ. 2019ರಲ್ಲಿ ಬ್ರಿಟನ್ನಿನ ಸುಮಾರು 1.96 ಲಕ್ಷ ಜನರ ಲೆಕ್ಕ ಬಂತು. ಎಲ್ಲರೂ 60 ದಾಟಿದವರು. ಬೀಡಿ-ಸಿಗರೇಟು ಇಲ್ಲ, ವ್ಯಾಯಾಮ ಇದೆ, ಊಟ ಸರಿ, ಕುಡಿತ ಮಿತಿಯಲ್ಲಿದೆ ಅನ್ನುವವರನ್ನು ಒಂದು ಕಡೆ ಇಟ್ಟು ನೋಡಿದರು. ಜೀನ್ ಅಪಾಯ ಹೆಚ್ಚಿದ್ದವರಲ್ಲೂ ಹೀಗೆ ಬದುಕಿದವರಿಗೆ ಡಿಮೆನ್ಶಿಯಾ ಸಾಧ್ಯತೆ ಶೇ 32ರಷ್ಟು ಕಡಿಮೆ ಇತ್ತು. ಅದೇ ವರ್ಷ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನದಲ್ಲಿ ಜೀನ್ ಅಪಾಯ ಕಡಿಮೆ ಮತ್ತು ಮಧ್ಯಮ ಇದ್ದವರಿಗೆ ಲಾಭ ಕಂಡಿತು, ಹೆಚ್ಚು ಇದ್ದವರಿಗೆ ಕಾಣಲಿಲ್ಲ.

ಇವೆರಡೂ ದೂರದಿಂದ ಗಮನಿಸಿ ಬರೆದ ಲೆಕ್ಕಗಳು. ಮಾಡಿಸಿ ನೋಡಿದ ಪ್ರಯೋಗ ಫಿನ್ಲೆಂಡಿನ ಫಿಂಗರ್. 60ರಿಂದ 77 ವಯಸ್ಸಿನ 1,260 ಜನ, ಎರಡು ವರ್ಷ. ಅರ್ಧ ಜನಕ್ಕೆ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ-ಸಕ್ಕರೆ ನಿಗಾ, ನಾಲ್ಕನ್ನೂ ಒಟ್ಟಿಗೆ ಮಾಡಿಸಿದರು. ಉಳಿದವರಿಗೆ ಸಲಹೆ ಮಾತ್ರ. ಮಾಡಿಸಿದವರ ಯೋಚನಾಶಕ್ತಿ ಪರೀಕ್ಷೆಗಳಲ್ಲಿ ಮೇಲಿತ್ತು, ಇ4 ಇದ್ದವರಿಗೂ ಲಾಭ ಸಿಕ್ಕಿತು. ಅಲ್ಲಿ ಅಳೆದದ್ದು ನೆನಪು, ಚುರುಕುತನ. ಕಾಯಿಲೆ ಬಂತಾ ಇಲ್ಲವಾ ಅಂತ ಅಲ್ಲ. ಅಷ್ಟು ಮಾತ್ರ ತಿಳಿದಿರಲಿ. ನನ್ನ ಅಭಿಪ್ರಾಯ ಕೇಳಿದರೆ, ಇ4 ಇರುವವರೇ ಇದನ್ನೆಲ್ಲ ಇನ್ನೂ ಗಟ್ಟಿಯಾಗಿ ಹಿಡಿಯಬೇಕು.

ಮೊದಲು ಯಾವುದನ್ನು ಸರಿ ಮಾಡಿಕೊಳ್ಳಬೇಕು?

ಬಿಪಿ. ಆಮೇಲೆ ಸಕ್ಕರೆ. ಅದೂ ನಲವತ್ತರಲ್ಲಿ, ಎಪ್ಪತ್ತರಲ್ಲಿ ಅಲ್ಲ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ಅಪಾಯ ಹೆಚ್ಚಿಸುವ 14 ವಿಷಯಗಳನ್ನು ಹೇಳುತ್ತದೆ. ಚಿಕ್ಕಂದಿನಲ್ಲಿ ಓದು ಕಡಿಮೆ ಆಗಿರುವುದು, ಕಿವಿ ಮಂದ, ಕಣ್ಣು ಮಂದ, ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಮೈ ಅಲುಗಾಡಿಸದೆ ಇರುವುದು, ಬೀಡಿ-ಸಿಗರೇಟು, ಅತಿ ಕುಡಿತ, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಹೊಗೆ-ದೂಳಿನ ಗಾಳಿ. ಇಷ್ಟನ್ನೂ ತೆಗೆದುಹಾಕಲು ಆದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಉಳಿದ ಶೇ 55 ವಯಸ್ಸು, ಜೀನ್ ಮತ್ತು ಇನ್ನೂ ಕೈಗೆ ಸಿಗದ ಕಾರಣಗಳು.

ನಲವತ್ತು ಯಾಕೆ ಅಂದರೆ, ಅಮಿಲಾಯ್ಡ್ 15-20 ವರ್ಷ ಮೊದಲೇ ಸೇರುತ್ತದೆ ಅಂತ ಮೇಲೆ ಬರೆದೆನಲ್ಲ, ಅದಕ್ಕೆ. ನಲವತ್ತರಿಂದಲೇ ಬಿಪಿಯ ಮೇಲಿನ ಅಂಕಿ 130 ದಾಟದ ಹಾಗೆ ನೋಡಿಕೊಳ್ಳಿ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಆಗುವುದೇನು? ತಲೆ ಸುತ್ತಿದರೆ ಮಾತ್ರ ಬಿಪಿ ಮಾತ್ರೆ. ಎರಡು ದಿನ ಸರಿ ಇದ್ದರೆ ಮಾತ್ರೆ ನಿಲ್ಲಿಸಿಬಿಡುತ್ತೇವೆ. ನಮ್ಮಮ್ಮ ಹತ್ತು ವರ್ಷ ಹಾಗೇ ಮಾಡಿದರು, ಮಾತ್ರೆ ಶೀಟು ಬೆಲ್ಲದ ಡಬ್ಬಿ ಪಕ್ಕ ಹಾಗೇ ಬಿದ್ದಿರುತ್ತಿತ್ತು. ನಾನು ದಿನಾ ಕಣ್ಣಲ್ಲಿ ನೋಡಿದೆ, ಕೇಳಲಿಲ್ಲ. ಬಿಪಿಗೆ ಲಕ್ಷಣ ಇರುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಸಂತೆಗೆ ಹೋದ ದಿನ ಐದು ನಿಮಿಷ ಹೋಗಿ ಬನ್ನಿ.

ಕಿವಿಗೂ ಮರೆವಿಗೂ ಏನು ಸಂಬಂಧ?

ಮಾತು ಸರಿಯಾಗಿ ಕೇಳದಿದ್ದರೆ ಮೆದುಳು ಬರೀ ಕೇಳಿಸಿಕೊಳ್ಳುವುದಕ್ಕೇ ಶಕ್ತಿ ಸುರಿಯುತ್ತದೆ. ಜನರ ಜೊತೆ ಕೂರುವುದು ಕಡಿಮೆಯಾಗುತ್ತದೆ. ಅಮ್ಮ ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದರು. ಒಪ್ಪಿಗೆ ಅಂದುಕೊಂಡಿದ್ದೆವು. ಕೇಳಿಸದೆ ಅನ್ನುತ್ತಿದ್ದ ಹೂಂ ಅದು.

2023ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದರು. ಒಟ್ಟಾರೆ ನೋಡಿದರೆ ಶ್ರವಣ ಸಾಧನದಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಬುದ್ಧಿ ಕುಂದುವ ವೇಗ ಶೇ 48ರಷ್ಟು ತಗ್ಗಿತು. ಮನೆಯಲ್ಲಿ ಟಿವಿ ಸದ್ದು ದಿನೇ ದಿನೇ ಏರುತ್ತಿದ್ದರೆ ಬೈಯುವ ಬದಲು ಕಿವಿ ತೋರಿಸಿ. ಎಷ್ಟೋ ಸಲ ಗುಗ್ಗೆ ತೆಗೆದರೇ ಸಾಕಾಗುತ್ತದೆ.

ಮುದ್ದೆ, ಸೊಪ್ಪಿನ ಸಾರು ತಿನ್ನೋರಿಗೂ ಬರುತ್ತಾ?

ಬರುತ್ತದೆ. ನಮ್ಮಮ್ಮ ಜೀವನಪೂರ್ತಿ ಅದನ್ನೇ ಉಂಡವರು.

ಆದರೂ ನಮ್ಮ ಊಟದ ಬಗ್ಗೆ ನನಗೆ ತುಂಬಾ ಗೌರವ ಇದೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಕಿತ್ತು ತಂದ ಬೆರಕೆ ಸೊಪ್ಪು, ಅವರೆಕಾಳು, ಹುರುಳಿ ಕಟ್ಟಿನ ಸಾರು, ಕಡಲೆಕಾಯಿ. ಮೆದುಳಿಗೆ ಒಳ್ಳೆಯದು ಅಂತ ಹೊರದೇಶದವರು ಮಾಡುವ ಪಟ್ಟಿಯಲ್ಲೂ ಇರುವುದು ಸೊಪ್ಪು, ಕಾಳು, ಬೀಜಗಳೇ. ನಮ್ಮ ತಟ್ಟೆಯ ತೊಂದರೆ ಬೇರೆ ಕಡೆ ಇದೆ. ಉಪ್ಪು ಜಾಸ್ತಿ: ಸಾರಿಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೆ, ಆಮೇಲೆ ಅನ್ನಕ್ಕೂ ಮೇಲಿಂದ ಒಂದು ಚಿಟಿಕೆ. ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಚಿಕ್ಕ ಚಮಚ. ಇನ್ನೊಂದು, ರಾಗಿ ಒಳ್ಳೆಯದು ಅಂತ ಸಕ್ಕರೆ ಕಾಯಿಲೆ ಇದ್ದವರೂ ಎರಡು ದೊಡ್ಡ ಮುದ್ದೆ ನುಂಗುವುದು. ಮುದ್ದೆ ಚಿಕ್ಕದಿರಲಿ, ಸೊಪ್ಪು-ಕಾಳು ಜಾಸ್ತಿ ಇರಲಿ.

ಊಟ ಒಂದರಿಂದಲೇ ತಡೆಯಬಹುದು ಅಂತಲೂ ನಂಬಬೇಡಿ. ಮೈಂಡ್ ಎಂಬ ಊಟದ ಪದ್ಧತಿಯನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, ಹೋಲಿಕೆಗೆ ಇಟ್ಟ ಗುಂಪಿಗಿಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಶಕ್ತಿಗೆ ಅಂತ ಮಾರುವ ಪುಡಿ, ಲೇಹ್ಯಕ್ಕೆ ದುಡ್ಡು ಸುರಿಯಬೇಡಿ.

ತೋಟದಲ್ಲಿ ದುಡಿಯೋರಿಗೆ ವಾಕಿಂಗ್ ಬೇರೆ ಬೇಕಾ?

ನಿಜವಾಗಿಯೂ ದುಡಿಯುತ್ತಿದ್ದರೆ ಬೇಡ. ಆದರೆ ಈಗ ಡ್ರಿಪ್ ಇದೆ, ಟ್ರ್ಯಾಕ್ಟರ್ ಇದೆ, ಮೊಬೈಲಿನಲ್ಲೇ ಮೋಟಾರು ಆನ್ ಆಗುತ್ತದೆ, ತೋಟಕ್ಕೆ ಹೋಗುವುದು ಬೈಕಿನಲ್ಲಿ. ಎಷ್ಟು ನಡೆದಿರಿ ಅಂತ ಒಂದು ವಾರ ಲೆಕ್ಕ ಹಾಕಿ ನೋಡಿ. ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವ ಹಾಗೆ. ಕೋಲಾರದವರಿಗೆ ಅಂತರಗಂಗೆ ಮೆಟ್ಟಿಲು ಇದ್ದೇ ಇದೆ. ಮಂಡಿ ನೋವಿದ್ದರೆ ಸಮ ನೆಲದಲ್ಲಿ ನಡೆಯಿರಿ.

ಅಜ್ಜಿ ಶಾಲೆಗೇ ಹೋಗಿಲ್ಲ. ಓದದವರಿಗೆ ಬೇಗ ಬರುತ್ತಂತೆ, ನಿಜವಾ?

ಶಾಲೆ ಸಿಗದಿದ್ದವರಿಗೆ ಅಪಾಯ ಜಾಸ್ತಿ ಅನ್ನುವುದು ನಿಜ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ, ಅಂದರೆ ಶೇ 7.4ರಷ್ಟು ಮಂದಿಗೆ, ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆ ತಪ್ಪಿಸಿದ್ದಕ್ಕೂ ಇದಕ್ಕೂ ನಂಟಿದೆ ಅಂತ ನಾನು ನಂಬಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಹುಡುಗಿಯನ್ನು ಶಾಲೆ ಬಿಡಿಸಲು ಬಂದ ಅಪ್ಪಂದಿರಿಗೆ ಇದನ್ನೂ ಹೇಳುತ್ತೇನೆ.

ಆದರೆ ಕೋಲಾರದವರಿಗೆ ಒಂದು ಸಮಾಧಾನ ಇದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಎರಡು ಭಾಷೆ ಮಾತಾಡುವವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ನಮ್ಮಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಬಂಗಾರಪೇಟೆ-ಕೆಜಿಎಫ್ ಕಡೆ ತಮಿಳು, ಪಕ್ಕದ ಮನೆಯವರ ಜೊತೆ ಉರ್ದು. ಭಾಷೆ ಬದಲಾಯಿಸುವಾಗಲೆಲ್ಲ ಮೆದುಳು ಒಂದನ್ನು ತಡೆದು ಇನ್ನೊಂದನ್ನು ಎತ್ತಿಕೊಳ್ಳಬೇಕು. ಅದೂ ಕಸರತ್ತೇ. ಅಮ್ಮನಿಗೆ ಕೊನೆಗೆ ಕನ್ನಡ ಹೋಗಿ ತೆಲುಗು ಮಾತ್ರ ಉಳಿಯಿತು. ಆವಾಗ ಅವರ ಜೊತೆ ಮಾತಾಡಲು ನನ್ನ ಮಗಳು ತೆಲುಗು ಕಲಿತಳು. ಮೊಮ್ಮಕ್ಕಳು ಕನ್ನಡ, ಇಂಗ್ಲಿಷ್ ಎರಡೇ ಸಾಕು ಅಂದರೆ ಒಪ್ಪಬೇಡಿ.

ನಿದ್ದೆ, ಕುಡಿತ, ಹೊಗೆ?

ನಿದ್ದೆಯ ಹೊತ್ತಿನಲ್ಲಿ ಮೆದುಳು ಕಸ ಹೊರಹಾಕುತ್ತದೆ. 2018ರಲ್ಲಿ 20 ಆರೋಗ್ಯವಂತರನ್ನು ಒಂದೇ ಒಂದು ರಾತ್ರಿ ನಿದ್ದೆಗೆಡಿಸಿ ಸ್ಕ್ಯಾನ್ ಮಾಡಿದಾಗ ಅಮಿಲಾಯ್ಡ್ ಏರಿದ್ದು ಕಂಡಿತ್ತು. ಜೋರು ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುವವರು ತೋರಿಸಿಕೊಳ್ಳಬೇಕು. ಬೀಡಿ, ಸಿಗರೇಟು ಬಿಡಿ. ಅತಿ ಕುಡಿತವೂ ಬೇಡ, ಅದು ಮೇಲಿನ 14ರ ಪಟ್ಟಿಯಲ್ಲೇ ಇದೆ. ಸೌದೆ ಒಲೆ ಮುಂದೆ ಕೂರುವವರು, ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳವರು, ಹೊಗೆ ಮೇಲೆ ಹೋಗುವ ಹಾಗೆ ಕೊಳವೆ ಹಾಕಿಸಿ. ಬೈಕಿನಲ್ಲಿ ಹೆಲ್ಮೆಟ್ ಹಾಕುವುದೂ ಈ ಲೆಕ್ಕಕ್ಕೇ ಸೇರುತ್ತದೆ.

ಜೀನ್ ಪರೀಕ್ಷೆ ಮಾಡಿಸಿಕೊಳ್ಳಲಾ?

ಸುಮ್ನೆ ಕುತೂಹಲಕ್ಕೆ ಬೇಡ. ಇ4 ಇದೆ ಅಂತ ಬಂದರೆ ಬಂದೇ ಬರುತ್ತೆ ಅಂತಲ್ಲ, ಇಲ್ಲ ಅಂತ ಬಂದರೆ ಬರಲ್ಲ ಅಂತಲೂ ಅಲ್ಲ. ಎರಡರಲ್ಲೂ ಮಾಡಬೇಕಾದ ಕೆಲಸ ಅದೇ ಬಿಪಿ, ಸಕ್ಕರೆ, ನಡಿಗೆ. ಅಷ್ಟೇ ಅಲ್ಲ, ನಿಮ್ಮ ರಿಪೋರ್ಟ್ ನಿಮ್ಮೊಬ್ಬರದಲ್ಲ. ನಿಮ್ಮ ತಂಗಿ, ನಿಮ್ಮ ಮಗಳ ವಿಷಯವೂ ಅದರಲ್ಲಿ ಇರುತ್ತದೆ.

ಎರಡು ಸಂದರ್ಭ ಬೇರೆ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಲವರಿಗೆ ಬಂದಿದ್ದರೆ ತಜ್ಞರ ಜೊತೆ ಕೂತು ಮಾತಾಡಿ ಮಾಡಿಸಬಹುದು. ಇನ್ನೊಂದು, 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕ ಲೆಕಾನೆಮ್ಯಾಬ್ ಥರದ ಅಮಿಲಾಯ್ಡ್ ತೆಗೆಯುವ ಔಷಧಿ ಕೊಡುವ ಮೊದಲು. ಎರಡು ಇ4 ಇದ್ದವರಿಗೆ ಆ ಔಷಧಿಯಿಂದ ಮೆದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯ ಜಾಸ್ತಿ.

ಶ್ರೀನಿವಾಸಪುರದ ಹಳ್ಳಿಗಳಲ್ಲಿ ರಕ್ತ ತಗೊಂಡು, ಪ್ರಶ್ನೆ ಕೇಳಿ ಹೋಗ್ತಾರಲ್ಲ, ಅದೇನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ನಡೆಸುವ ಅಧ್ಯಯನ. 2018ರಲ್ಲಿ ಶುರುವಾಯಿತು. 45 ದಾಟಿದ 10,000 ಹಳ್ಳಿ ಜನರನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ. ನೆನಪಿನ ಪರೀಕ್ಷೆ, ರಕ್ತ, ಜೀನ್, ಮೆದುಳಿನ ಸ್ಕ್ಯಾನ್, ಎಲ್ಲ ಇದೆ. ನಮ್ಮ ಜೀನಿಗೆ ನಮ್ಮ ಊಟ, ನಮ್ಮ ಬಿಪಿ, ನಮ್ಮ ಭಾಷೆ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ ಬ್ರಿಟನ್ನಿನಿಂದ ಬರುವುದಿಲ್ಲ, ಇಲ್ಲಿಂದಲೇ ಬರಬೇಕು. ನಿಮ್ಮ ಮನೆಗೆ ಬಂದರೆ ಬೇಕಾದ ಪ್ರಶ್ನೆ ಕೇಳಿ, ಒಪ್ಪಿಗೆ ಪತ್ರ ಓದಿಸಿಕೊಳ್ಳಿ. ಮನಸ್ಸಿದ್ದರೆ ಸೇರಿ. ನಮ್ಮ ತಾಲ್ಲೂಕಿನ ಮಾವಿನಷ್ಟೇ ಹೆಮ್ಮೆ ನನಗೆ ಈ ಕೆಲಸದ ಬಗ್ಗೆಯೂ ಇದೆ.

ಅಪ್ಪ ಕುಡಿದವರಲ್ಲ, ದಿನಾ ನಡೆಯೋರು. ಆದರೂ ಬಂತು. ಎಲ್ಲಿ ತಪ್ಪಾಯಿತು?

ಎಲ್ಲೂ ಇಲ್ಲ. ಮೇಲೆ ಬರೆದ ಶೇ 55 ನೆನಪಿಸಿಕೊಳ್ಳಿ. ಎಲ್ಲ ಸರಿ ಮಾಡಿದವರಿಗೂ ಬರುತ್ತದೆ. ಬದುಕಿನ ರೀತಿ ಬಗ್ಗೆ ಇಷ್ಟು ಬರೆದಾಗ ನನಗಿರುವ ಭಯ ಒಂದೇ, ಯಾರಾದರೂ ಇದನ್ನು ಓದಿ ಕಾಯಿಲೆ ಬಂದವರನ್ನು ದೂರಿಬಿಟ್ಟರೆ ಅಂತ. ಅಮ್ಮನ ಮಾತ್ರೆ ಶೀಟಿನ ವಿಷಯಕ್ಕೆ ನಾನು ಎಷ್ಟೋ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೇನೆ. ಆ ಮಾತ್ರೆ ದಿನಾ ನುಂಗಿದ್ದರೂ ಬರಬಹುದಿತ್ತು, ಅಥವಾ ಒಂದೆರಡು ವರ್ಷ ತಡವಾಗಬಹುದಿತ್ತು. ಒಬ್ಬರ ವಿಷಯದಲ್ಲಿ ಇದನ್ನು ಯಾವ ಡಾಕ್ಟರೂ ಬಿಡಿಸಿ ಹೇಳಲಾರರು.

ಅನುಮಾನ ಬಂದರೆ ಎಲ್ಲಿ ತೋರಿಸಬೇಕು?

ಮೊದಲು ಜಿಲ್ಲಾ ಆಸ್ಪತ್ರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೆ ಮನಸ್ಸು ಸೋತರೆ ಟೆಲಿ ಮಾನಸ್ 14416, ಎರಡೂ ಉಚಿತ.

ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಕೇಳಿ ಮಾಡಿಸಿ. ಇವೆರಡರ ಕೊರತೆಯಿಂದ ಬರುವ ಮರೆವು ಔಷಧಿಯಿಂದ ಸರಿಹೋಗಬಹುದು. ಖಿನ್ನತೆಯೂ ಹಾಗೇ.

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಮೊದಲ ಸಲ ಯಾವಾಗ, ಏನು ತಪ್ಪಿತು, ಮನೆತನದಲ್ಲಿ ಯಾರಿಗಿತ್ತು, ಅವರಿಗೆ ಆಗ ಎಷ್ಟು ವಯಸ್ಸು. "ಮರೀತಾರೆ" ಅಂತ ಮಾತ್ರ ಬರೆಯಬೇಡಿ. ನಾನು ಎರಡನೇ ಸಲ ಹೋದಾಗ "ಜೂನಿನಲ್ಲಿ ತೋತಾಪುರಿ ಗುರುತು ಸಿಗಲಿಲ್ಲ, ಮೂವತ್ತು ವರ್ಷ ಮಂಡಿಯಲ್ಲಿ ವಿಂಗಡಿಸಿದವರು" ಅಂತ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಪೆನ್ನು ಕೆಳಗಿಟ್ಟು, ಕುರ್ಚಿ ಅಮ್ಮನ ಕಡೆ ಎಳೆದುಕೊಂಡು ಕೂತರು.